ಕಿಣ್ವ, ಪ್ರತಿಬಂಧಕ ಮತ್ತು ಮಿದುಳಿನ ಗೆಡ್ಡೆ

ಮಿರಗದ ಮಳೆ ಬಿದ್ದು ಸಾಸ್ತೂರದ ಸುತ್ತಲಿನ ಹೊಲಗಳ ತಗ್ಗುಗಳಲ್ಲಿ ನೀರು ನಿಂತಿತೆಂದರೆ, ಕೆಲವು ದಿನಗಳಲ್ಲಿಯೇ ಅಲ್ಲಿ ಗೊದಮೊಟ್ಟೆಗಳು ಕಾಣಿಸಿಕೊಳ್ಳುತ್ತವೆ. ಉದ್ದ ಬಾಲದ ಈ ಕರಿಯ ಮರಿಗಳು ಕೆಲವು ವಾರಗಳ ನಂತರ ಕಪ್ಪೆಗಳಾಗಿ ದಡ ಸೇರುತ್ತವೆ. ಆಗ ಅವುಗಳಿಗೆ ಬಾಲವಿರುವುದಿಲ್ಲ. ಆ ಬಾಲ ಎಲ್ಲಿ ಹೋಯಿತು? ಕಳಚಿ ಬಿದ್ದ ಬಾಲವನ್ನು ನಾವು ಯಾರೂ ಕಂಡಿಲ್ಲ. ಏಕೆಂದರೆ ಅದು ಕಳಚಿ ಬೀಳುವುದೇ ಇಲ್ಲ. ಒಳಗೊಳಗೇ ಕರಗಿ ಹೋಗುತ್ತದೆ.

ಗೊದಮೊಟ್ಟೆಯ ಬಾಲ ಕರಗುವುದಕ್ಕೂ, ಮನುಷ್ಯನ ಮಿದುಳಿನಲ್ಲಿ ಬೆಳೆದ ಗೆಡ್ಡೆ ಎಷ್ಟು ಮಾರಕವೆಂದು ವೈದ್ಯರು ಅಳೆಯುವುದಕ್ಕೂ ಸಂಬಂಧವಿದೆಯೆಂದರೆ ವಿದ್ಯಾರ್ಥಿ ಮಿತ್ರರಿಗೆ ಆಶ್ಚರ್ಯವಾಗಬಹುದು. ಆ ಸಂಬಂಧದ ಹೆಸರು ಕಿಣ್ವ. ಅದರ ಜೊತೆಗಾರನ ಹೆಸರು ಪ್ರತಿಬಂಧಕ. ಇವೆರಡರ ಕಥೆಯನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ.

ಕಿಣ್ವ ಎಂದರೇನು?

ಜೋಳದ ರೊಟ್ಟಿಯ ಒಂದು ತುತ್ತನ್ನು ನುಂಗದೆ ಬಹಳ ಹೊತ್ತು ಅಗಿಯುತ್ತಿದ್ದರೆ ಅದು ಸಿಹಿಯಾಗತೊಡಗುತ್ತದೆ. ಜೊಲ್ಲಿನಲ್ಲಿರುವ ಕಿಣ್ವವು ರೊಟ್ಟಿಯ ಪಿಷ್ಟವನ್ನು ಒಡೆದು ಸಕ್ಕರೆಯನ್ನಾಗಿ ಮಾಡುವುದೇ ಇದಕ್ಕೆ ಕಾರಣ. ಬಲಿತ ಮಾಂಸ ಬೇಗ ಬೇಯಲೆಂದು ಕೆಲವರು ಅದಕ್ಕೆ ಹಸಿ ಪಪ್ಪಾಯಿಯ ತುಂಡನ್ನು ಹಾಕುವುದುಂಟು. ಪಪ್ಪಾಯಿಯ ಹಾಲಿನಲ್ಲಿರುವ ಪಪೇಯಿನ್ ಎಂಬ ಕಿಣ್ವವು ಮಾಂಸದ ಪ್ರೋಟೀನನ್ನು ಕತ್ತರಿಸುತ್ತದೆ. ಹೀಗೆ ಜೀವಿಗಳ ದೇಹದಲ್ಲಿ ರಾಸಾಯನಿಕ ಕ್ರಿಯೆಗಳನ್ನು ಶೀಘ್ರವಾಗಿ ನಡೆಸಿಕೊಡುವ, ಆದರೆ ತಾವು ಮಾತ್ರ ಖರ್ಚಾಗದ ವಸ್ತುಗಳೇ ಕಿಣ್ವಗಳು.

1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಎಂಬ ವಿಜ್ಞಾನಿ ಯೀಸ್ಟನ್ನು ಮರಳಿನೊಂದಿಗೆ ಅರೆದು ಅದರ ರಸವನ್ನು ಹಿಂಡಿ ತೆಗೆದನು. ಆ ರಸದಲ್ಲಿ ಜೀವಂತ ಕೋಶ ಇರಲಿಲ್ಲ. ಆದರೂ ಅದು ಸಕ್ಕರೆಯನ್ನು ಹುದುಗಿಸಿತು. ಕಿಣ್ವಕ್ಕೆ ಕೆಲಸ ಮಾಡಲು ಜೀವಕೋಶವೇ ಬೇಕೆಂದಿಲ್ಲ ಎಂಬುದು ಹೀಗೆ ಸಿದ್ಧವಾಯಿತು. ಈ ಶೋಧಕ್ಕೆ ಅವನಿಗೆ 1907ರ ನೊಬೆಲ್ ಪಾರಿತೋಷಕ ದೊರಕಿತು. 1926ರಲ್ಲಿ ಅಮೇರಿಕದ ಜೇಮ್ಸ್ ಸಮ್ನರ್, ಒಂದು ಜಾತಿಯ ಅವರೆ ಕಾಳಿನಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳುಗಳ ರೂಪದಲ್ಲಿ ಬೇರ್ಪಡಿಸಿ, ಅದು ಪ್ರೋಟೀನು ಎಂದು ತೋರಿಸಿಕೊಟ್ಟನು. ಹದಿಹರೆಯದಲ್ಲಿಯೇ ಎಡಗೈಯನ್ನು ಕಳೆದುಕೊಂಡಿದ್ದ ಸಮ್ನರ್ ಒಂದೇ ಕೈಯಿಂದ ಪ್ರಯೋಗಗಳನ್ನು ನಡೆಸಿ 1946ರಲ್ಲಿ ನೊಬೆಲ್ ಪಾರಿತೋಷಕ ಪಡೆದುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಇನ್ನು ಬಾಲದ ವಿಷಯ. 1962ರಲ್ಲಿ ಅಮೇರಿಕದ ಬಾಸ್ಟನ್ ನಗರದಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಎಂಬಿಬ್ಬರು ಗೊದಮೊಟ್ಟೆಯ ಬಾಲದ ಸಣ್ಣ ತುಣುಕುಗಳನ್ನು ಕೊಲ್ಲಾಜೆನ್ ಎಂಬ ಪ್ರೋಟೀನಿನ ಗಟ್ಟಿ ಗಂಜಿಯಂತಹ ಪದರಿನ ಮೇಲೆ ಇಟ್ಟು ನೋಡಿದರು. ತುಣುಕಿನ ಸುತ್ತಲಿನ ಪದರು ಕರಗಿತು. ನಮ್ಮ ಚರ್ಮ, ಎಲುಬು, ಸ್ನಾಯುಬಂಧಗಳನ್ನು ಗಟ್ಟಿಯಾಗಿ ಹಿಡಿದಿಡುವ ಈ ಕೊಲ್ಲಾಜೆನ್ನನ್ನು ಕತ್ತರಿಸುವ ಕಿಣ್ವ ಹೀಗೆ ಪತ್ತೆಯಾಯಿತು. ಅದೇ ಮನೆತನದ ಇಪ್ಪತ್ತಕ್ಕಿಂತ ಹೆಚ್ಚು ಕಿಣ್ವಗಳು ಮನುಷ್ಯನ ದೇಹದಲ್ಲಿಯೂ ಇವೆ. ಇವು ಕೆಲಸ ಮಾಡಲು ಸತುವಿನ ಪರಮಾಣು ಬೇಕು. ಇವುಗಳನ್ನು ಮೆಟಲ್ಲೋಪ್ರೋಟಿಯೇಸುಗಳೆಂದು ಕರೆಯುತ್ತಾರೆ. ಗಾಯ ಮಾಯುವಾಗ, ಎಲುಬು ಬೆಳೆಯುವಾಗ ಹಳೆಯದನ್ನು ಕತ್ತರಿಸಿ ಹೊಸದಕ್ಕೆ ಜಾಗ ಮಾಡಿಕೊಡುವ ಉಪಕಾರಿಗಳು ಇವು.

ಕಾವಲುಗಾರ ಪ್ರತಿಬಂಧಕ

ಕತ್ತರಿಸುವವನು ಮಾತ್ರ ಇದ್ದು ತಡೆಯುವವನು ಇಲ್ಲದಿದ್ದರೆ ದೇಹದ ಗತಿಯೇನು? ಅದಕ್ಕೆಂದೇ ನಿಸರ್ಗವು ಪ್ರತಿಬಂಧಕಗಳನ್ನು ಇಟ್ಟಿದೆ. ಕಿಣ್ವದ ಬಾಯಿಗೆ ಸರಿಯಾಗಿ ಹೊಂದಿಕೊಂಡು ಕುಳಿತು, ಅದು ಬೇರೆ ಯಾವುದನ್ನೂ ಕಚ್ಚದಂತೆ ಮಾಡುವ ವಸ್ತುವೇ ಪ್ರತಿಬಂಧಕ.

ನಮ್ಮ ಉಮರ್ಗಾ, ನಿಲಂಗಾ, ಉದಗೀರ ಭಾಗದ ರೈತರಿಗೆ ಸೋಯಾಬೀನು ಹೊಸದೇನಲ್ಲ. ಅದನ್ನು ಹಸಿಯಾಗಿ ತಿನ್ನಬಾರದೆಂದು ಹೇಳುವುದೇಕೆ? ಹಸಿ ಸೋಯಾಬೀನಿನಲ್ಲಿ ಟ್ರಿಪ್ಸಿನ್ ಪ್ರತಿಬಂಧಕವಿದೆ. ನಮ್ಮ ಕರುಳಿನಲ್ಲಿ ಪ್ರೋಟೀನನ್ನು ಜೀರ್ಣಿಸುವ ಟ್ರಿಪ್ಸಿನ್ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಚೆನ್ನಾಗಿ ಬೇಯಿಸಿದರೆ ಆ ಪ್ರತಿಬಂಧಕದ ಶಕ್ತಿ ಬಹುಮಟ್ಟಿಗೆ ನಾಶವಾಗುತ್ತದೆ. ಆದರೆ ಟ್ರಿಪ್ಸಿನ್ನನ್ನು ತಡೆಯುವ ಇದೇ ವಸ್ತು ಪಪ್ಪಾಯಿಯ ಪಪೇಯಿನ್ನನ್ನು ತಡೆಯಲಾರದು. ಪ್ರತಿಯೊಂದು ಬೀಗಕ್ಕೂ ಅದರದೇ ಕೀಲಿ.

ಮೇಲೆ ಹೇಳಿದ ಮೆಟಲ್ಲೋಪ್ರೋಟಿಯೇಸುಗಳಿಗೆ ಮನುಷ್ಯನ ದೇಹದಲ್ಲಿ ನಾಲ್ಕು ಮುಖ್ಯ ಪ್ರತಿಬಂಧಕಗಳಿವೆ. ಇವುಗಳಿಗೆ ಟಿಂಪ್-1ರಿಂದ ಟಿಂಪ್-4ರ ವರೆಗೆ ಹೆಸರಿಟ್ಟಿದ್ದಾರೆ. ಆರೋಗ್ಯವಂತನ ದೇಹದಲ್ಲಿ ಕಿಣ್ವ ಮತ್ತು ಪ್ರತಿಬಂಧಕಗಳು ತಕ್ಕಡಿಯ ಎರಡು ತಟ್ಟೆಗಳಂತೆ ಸಮನಾಗಿರುತ್ತವೆ. ತಕ್ಕಡಿ ವಾಲಿದಾಗ ರೋಗ.

ಮಿದುಳಿನ ಗೆಡ್ಡೆ

ಸುಮಾರು ಒಂದೂಕಾಲು ಒಂದೂವರೆ ಕಿಲೋ ತೂಗುವ ನಮ್ಮ ಮಿದುಳಿನಲ್ಲಿ ನರಕೋಶಗಳಷ್ಟೇ ಅಲ್ಲ, ಅವುಗಳನ್ನು ಪೋಷಿಸುವ ಗ್ಲಿಯಾ ಎಂಬ ಕೋಶಗಳೂ ಇವೆ. ಮಿದುಳಿನಲ್ಲಿಯೇ ಹುಟ್ಟುವ ಮಾರಕ ಗೆಡ್ಡೆಗಳಲ್ಲಿ ಹೆಚ್ಚಿನವು ಈ ಗ್ಲಿಯಾ ಜಾತಿಯ ಕೋಶಗಳಿಗೆ ಸೇರಿದವು. ಅವುಗಳಿಗೆ ಗ್ಲಿಯೋಮಾ ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆಯು ಇಂತಹ ಗೆಡ್ಡೆಗಳನ್ನು 1ರಿಂದ 4ರ ವರೆಗೆ ದರ್ಜೆಗಳಾಗಿ ವಿಂಗಡಿಸಿದೆ. ಒಂದನೆಯ ದರ್ಜೆಯದು ನಿಧಾನವಾಗಿ ಬೆಳೆಯುವಂಥದು. ಎಷ್ಟೋ ಸಲ ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುತ್ತದೆ. ನಾಲ್ಕನೆಯ ದರ್ಜೆಯ ಗ್ಲಿಯೋಬ್ಲಾಸ್ಟೋಮಾ ಎಲ್ಲಕ್ಕಿಂತ ಉಗ್ರವಾದುದು.

ಗ್ಲಿಯೋಬ್ಲಾಸ್ಟೋಮಾ ಮಿದುಳನ್ನು ಬಿಟ್ಟು ದೇಹದ ಬೇರೆ ಭಾಗಕ್ಕೆ ಹೋಗುವುದು ಬಹಳ ವಿರಳ. ಆದರೂ ಅದನ್ನು ಪೂರ್ತಿ ತೆಗೆಯುವುದು ಏಕೆ ಆಗುವುದಿಲ್ಲ? ಹೊಲದಲ್ಲಿ ಕರಕಿ ಹಬ್ಬಿರುವುದನ್ನು ನೋಡಿರಿ. ಮೇಲಿನ ಹುಲ್ಲನ್ನೆಲ್ಲ ಕಿತ್ತರೂ ಮಣ್ಣಿನೊಳಗಿನ ಬೇರು ಉಳಿದೇ ಉಳಿಯುತ್ತದೆ. ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಈ ಗೆಡ್ಡೆಯ ಕೋಶಗಳೂ ಹಾಗೆಯೇ ಒಂದೊಂದಾಗಿ ಒಳ್ಳೆಯ ಮಿದುಳಿನೊಳಗೆ ನುಸುಳಿರುತ್ತವೆ. ವೈದ್ಯರ ಕಣ್ಣಿಗೆ ಕಾಣುವ ಗೆಡ್ಡೆಯ ಅಂಚು ಅದರ ನಿಜವಾದ ಅಂಚಲ್ಲ.

ನುಸುಳಲು ದಾರಿ ಹೇಗೆ ಸಿಗುತ್ತದೆ? ಕಲ್ಲು ಮಣ್ಣಿನ ಗೋಡೆ ಎಂದರೇನೆಂದು ನಮ್ಮ ಊರಿನ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವದ ಭೂಕಂಪದಲ್ಲಿ ನಮ್ಮ ಭಾಗದಲ್ಲಿ ಕುಸಿದ ಮನೆಗಳಲ್ಲಿ ಹೆಚ್ಚಿನವು ಅಂಥವೇ. ಕಲ್ಲನ್ನು ಹಿಡಿದಿಟ್ಟ ಮಣ್ಣು ಸಡಿಲವಾದರೆ ಕಲ್ಲು ನಿಲ್ಲುವುದಿಲ್ಲ. ದೇಹದಲ್ಲಿಯೂ ಕೋಶಗಳೆಂಬ ಕಲ್ಲುಗಳ ನಡುವೆ ಪ್ರೋಟೀನು ಮತ್ತು ಸಕ್ಕರೆಯ ಸರಪಳಿಗಳಿಂದಾದ ಒಂದು ಗಾರೆ ಇದೆ. ಮಿದುಳಿನ ರಕ್ತನಾಳಗಳ ಸುತ್ತ ನಾಲ್ಕನೆಯ ಬಗೆಯ ಕೊಲ್ಲಾಜೆನ್ನಿನ ತೆಳುವಾದ ಪದರೂ ಇದೆ. ಮಾರಕ ಗೆಡ್ಡೆಯ ಕೋಶಗಳು ಈ ಗಾರೆಯನ್ನು ಕರಗಿಸುವ ಕಿಣ್ವಗಳನ್ನು ಬಳಸಿಕೊಂಡು ಮುಂದೆ ಸಾಗುತ್ತವೆ. ಮೆಟಲ್ಲೋಪ್ರೋಟಿಯೇಸ್-2 ಮತ್ತು 9, ಯೂರೋಕೈನೇಸ್, ಕೆಥೆಪ್ಸಿನ್-ಬಿ ಇವು ಅವುಗಳಲ್ಲಿ ಮುಖ್ಯವಾದವು. ಗೊದಮೊಟ್ಟೆಯ ಬಾಲವನ್ನು ಕರಗಿಸಿದ ಅದೇ ಮನೆತನದ ಕಿಣ್ವಗಳು ಇಲ್ಲಿ ದಾರಿ ಕೊರೆಯುವ ಕೂಲಿಗಳಾಗುತ್ತವೆ.

ಕಿಣ್ವವೇ ಗುರುತು

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಯ ತುಣುಕುಗಳನ್ನು ಅನೇಕ ದೇಶಗಳ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದಾಗ, ಸಾಮಾನ್ಯವಾಗಿ ಗೆಡ್ಡೆಯ ದರ್ಜೆ ಏರಿದಂತೆ ಈ ಕಿಣ್ವಗಳ ಪ್ರಮಾಣವೂ ಏರಿರುವುದು ಕಂಡುಬಂದಿತು. ಹೀಗೆ ಕಿಣ್ವವು ಗೆಡ್ಡೆಯ ಉಗ್ರತೆಗೆ ಒಂದು ಗುರುತಾಯಿತು.

ಇದನ್ನು ಕಂಡುಹಿಡಿಯುವ ಒಂದು ವಿಧಾನ ಬಹಳ ಸರಳವಾಗಿದೆ. ಜೆಲಾಟಿನ್ ಬೆರೆಸಿದ ತೆಳುವಾದ ಪದರಿನಲ್ಲಿ ತುಣುಕಿನ ರಸವನ್ನು ವಿದ್ಯುತ್ತಿನಿಂದ ಹರಿಯಿಸಿ, ಕೆಲವು ತಾಸುಗಳ ನಂತರ ನೀಲಿ ಬಣ್ಣ ಹಾಕುತ್ತಾರೆ. ಪದರೆಲ್ಲ ನೀಲಿಯಾಗುತ್ತದೆ, ಕಿಣ್ವವು ಜೆಲಾಟಿನ್ನನ್ನು ತಿಂದ ಜಾಗ ಮಾತ್ರ ಬೆಳ್ಳಗೆ ಉಳಿಯುತ್ತದೆ. ಇದರಂಥ ಪ್ರಯೋಗವನ್ನು ನಮ್ಮ ವಿದ್ಯಾರ್ಥಿಗಳು ಶಿಕ್ಷಕರ ಸಮ್ಮುಖದಲ್ಲಿ ಮಾಡಿ ನೋಡಬಹುದು. ಮನೆಯಲ್ಲಿ ಬೇಡವಾದ ಹಳೆಯ ಕಾಲದ ಎಕ್ಸ್-ರೇ ಹಾಳೆ ಇದ್ದರೆ ಅದರ ಒಂದು ಚೂರಿನ ಮೇಲೆ ಹಸಿ ಪಪ್ಪಾಯಿಯ ರಸದ ಹನಿಯನ್ನೂ, ಪಕ್ಕದಲ್ಲಿ ಚೆನ್ನಾಗಿ ಕುದಿಸಿ ಆರಿಸಿದ ರಸದ ಹನಿಯನ್ನೂ ಇಡಿರಿ. ಒಣಗದಂತೆ ಮುಚ್ಚಿಟ್ಟು, ಸ್ವಲ್ಪ ಹೊತ್ತಿನ ನಂತರ ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಹಸಿ ರಸವಿದ್ದಲ್ಲಿ ಕರಿಯ ಪದರು ಕರಗಿ ಹಾಳೆ ಪಾರದರ್ಶಕವಾಗುತ್ತದೆ. ಕುದಿಸಿದ ರಸ ಹಾಗೆ ಮಾಡುವುದಿಲ್ಲ. ಅದರ ಕಿಣ್ವ ಸತ್ತಿದೆ. ಪಪ್ಪಾಯಿಯ ಹಾಲು ಕಣ್ಣಿಗೆ ತಗಲದಂತೆ ಎಚ್ಚರ ವಹಿಸಬೇಕು.

ಕನ್ನಡ ನಾಡಿನಲ್ಲಿಯೇ ನಡೆದ ಇಂತಹ ಒಂದು ಸಂಶೋಧನೆಯನ್ನು ಇಲ್ಲಿ ಹೇಳಲೇಬೇಕು. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಎಲ್ಲರೂ ಕರೆಯುವ ನಿಮ್ಹಾನ್ಸ್, 1974ರಲ್ಲಿ ಸ್ಥಾಪನೆಯಾಯಿತು. ಅಲ್ಲಿಯ ಡಾ. ವಾಣಿ ಸಂತೋಷ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕುಮಾರವೇಲ್ ಸೋಮಸುಂದರಂ ಮೊದಲಾದವರು ಕೂಡಿ, ವಿವಿಧ ದರ್ಜೆಯ ಗೆಡ್ಡೆಗಳ ತುಣುಕುಗಳನ್ನು ಹೋಲಿಸಿ ನೋಡಿದರು. ಬಿ-3 ಜೀವಸತ್ವದ ಒಂದು ರೂಪದಿಂದ ಕೋಶಕ್ಕೆ ಬೇಕಾದ ಎನ್.ಎ.ಡಿ. ಎಂಬ ವಸ್ತುವನ್ನು ತಯಾರಿಸುವ ಹಾದಿಯಲ್ಲಿ ದುಡಿಯುವ ಒಂದು ಕಿಣ್ವವು ಗ್ಲಿಯೋಬ್ಲಾಸ್ಟೋಮಾದಲ್ಲಿ ಹಲವು ಪಟ್ಟು ಹೆಚ್ಚಿರುವುದನ್ನು ಅವರು ಕಂಡರು. ಉಗ್ರ ಗೆಡ್ಡೆಯಿದ್ದ ರೋಗಿಗಳ ರಕ್ತದಲ್ಲಿಯೂ ಅದು ಹೆಚ್ಚಾಗಿತ್ತು. ಈ ವಿಷಯವನ್ನು 2008ರಲ್ಲಿ ಪ್ರಕಟಿಸಿದರು. ಆ ಕಿಣ್ವದ ಹೆಸರು ಚಿಕ್ಕದಾಗಿ ಹೇಳುವುದಾದರೆ ನ್ಯಾಂಪ್ಟ್. ನಿಮ್ಹಾನ್ಸಿನಲ್ಲಿ ಮಿದುಳುಗಳ ಒಂದು ವಸ್ತುಸಂಗ್ರಹಾಲಯವೂ ಇದೆ. ಬೆಂಗಳೂರಿಗೆ ಶೈಕ್ಷಣಿಕ ಪ್ರವಾಸ ಹೋಗುವವರು ನೋಡತಕ್ಕ ಸ್ಥಳವಿದು.

ಕಾವಲುಗಾರನೂ ಮೋಸ ಮಾಡಬಲ್ಲ

ಇಷ್ಟು ಓದಿದ ಜಾಣ ವಿದ್ಯಾರ್ಥಿಯು ಒಂದು ತೀರ್ಮಾನಕ್ಕೆ ಬರಬಹುದು: ಕಿಣ್ವ ಹೆಚ್ಚಿದ್ದರೆ ಕೆಟ್ಟದ್ದು, ಪ್ರತಿಬಂಧಕ ಹೆಚ್ಚಿದ್ದರೆ ಒಳ್ಳೆಯದು. ವಿಜ್ಞಾನಿಗಳೂ ಮೊದಲು ಹೀಗೆಯೇ ಎಣಿಸಿದ್ದರು. ಆದರೆ ನಿಸರ್ಗ ಅಷ್ಟು ಸರಳವಲ್ಲ.

ಯೂರೋಕೈನೇಸ್ ಕಿಣ್ವವನ್ನು ತಡೆಯುವ ಪಾಯ್-1 ಎಂಬ ಪ್ರತಿಬಂಧಕವಿದೆ. ಲೆಕ್ಕದ ಪ್ರಕಾರ ಅದು ಉಗ್ರ ಗೆಡ್ಡೆಯಲ್ಲಿ ಕಡಿಮೆಯಿರಬೇಕಿತ್ತು. ಆದರೆ ಗ್ಲಿಯೋಬ್ಲಾಸ್ಟೋಮಾದಲ್ಲಿ ಅದು ಹೆಚ್ಚಾಗಿಯೇ ಇರುವುದು ಕಂಡಿತು. ಅದು ಕಿಣ್ವವನ್ನು ತಡೆಯುವುದರ ಜೊತೆಗೆ ಕೋಶಗಳು ಹಿಡಿತ ಬಿಟ್ಟು ಮುಂದೆ ಚಲಿಸುವುದಕ್ಕೂ, ಗೆಡ್ಡೆಗೆ ಹೊಸ ರಕ್ತನಾಳಗಳು ಬೆಳೆಯುವುದಕ್ಕೂ ನೆರವಾಗಬಲ್ಲುದು. ಇನ್ನೊಂದು ಉದಾಹರಣೆ ಟಿಂಪ್-2. ಮೆಟಲ್ಲೋಪ್ರೋಟಿಯೇಸ್-2 ಮೊದಲು ನಿದ್ರಿಸುವ ರೂಪದಲ್ಲಿ ಹುಟ್ಟುತ್ತದೆ. ಅದನ್ನು ಕೋಶದ ಮೇಲ್ಮೈಗೆ ಕರೆತಂದು ಎಬ್ಬಿಸುವ ಕಾರ್ಯದಲ್ಲಿ ಟಿಂಪ್-2 ಸಹಾಯಕವಾಗುತ್ತದೆ. ಅದೇ ಟಿಂಪ್-2 ಅತಿಯಾದರೆ ಆ ಕಿಣ್ವವನ್ನು ತಡೆಯುತ್ತದೆ. ಬಾಗಿಲು ಕಾಯುವವನೇ ಬಾಗಿಲು ತೆರೆದುಕೊಟ್ಟಂತಾಯಿತು. ಆದ್ದರಿಂದ ಕಿಣ್ವವೊಂದನ್ನೇ ಅಥವಾ ಪ್ರತಿಬಂಧಕವೊಂದನ್ನೇ ಅಳೆದು ತೀರ್ಪು ಕೊಡುವಂತಿಲ್ಲ. ಎರಡನ್ನೂ ಕೂಡಿಸಿ, ಅವು ಎಲ್ಲಿವೆ, ಯಾವ ರೂಪದಲ್ಲಿವೆ ಎಂದು ನೋಡಬೇಕು.

ಔಷಧಗಳ ವಿಷಯದಲ್ಲಿಯೂ ಇದೇ ಪಾಠ ದೊರಕಿತು. ಮೆಟಲ್ಲೋಪ್ರೋಟಿಯೇಸುಗಳನ್ನು ತಡೆಯುವ ಮ್ಯಾರಿಮಾಸ್ಟಾಟ್ ಎಂಬ ಗುಳಿಗೆಯನ್ನು ತಯಾರಿಸಿ, ಗ್ಲಿಯೋಬ್ಲಾಸ್ಟೋಮಾ ರೋಗಿಗಳಿಗೂ ಕೊಟ್ಟು ಪರೀಕ್ಷಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅದರಿಂದ ರೋಗಿಗಳ ಆಯುಷ್ಯ ಹೆಚ್ಚಲಿಲ್ಲ. ಕೀಲುನೋವು ಮಾತ್ರ ಬಂದಿತು. ಏಕೆಂದರೆ ಆ ಔಷಧವು ಒಳ್ಳೆಯ ಕೆಲಸ ಮಾಡುವ ಕಿಣ್ವಗಳನ್ನೂ ತಡೆಯುತ್ತಿತ್ತು.

ವರದಿಯಲ್ಲಿಯ ಒಂದು ಶಬ್ದ

ಇಂದು ಮಿದುಳಿನ ಗೆಡ್ಡೆಯ ವರದಿಯಲ್ಲಿ ಬಹಳ ಮಹತ್ವ ಪಡೆದಿರುವ ಕಿಣ್ವ ಬೇರೆಯೇ ಒಂದು. ಅದು ಗಾರೆಯನ್ನು ಕರಗಿಸುವಂಥದಲ್ಲ. ಕೋಶದ ಒಲೆಯಲ್ಲಿ ದುಡಿಯುವಂಥದು. ಐಸೋಸಿಟ್ರೇಟ್ ಡಿಹೈಡ್ರೋಜಿನೇಸ್ ಎಂದು ಅದರ ಹೆಸರು, ಐ.ಡಿ.ಎಚ್. ಎಂದು ಸಂಕ್ಷಿಪ್ತವಾಗಿ ಬರೆಯುತ್ತಾರೆ. ಅದರ ಮೊದಲನೆಯ ಬಗೆಯು 414 ಅಮೈನೋ ಆಮ್ಲಗಳ ಸರಪಳಿ. ಕೆಲವು ಗೆಡ್ಡೆಗಳಲ್ಲಿ ಈ ಸರಪಳಿಯ 132ನೆಯ ಕೊಂಡಿಯೊಂದೇ ಬದಲಾಗಿರುತ್ತದೆಂದು 2008ರಲ್ಲಿ ಗೊತ್ತಾಯಿತು. ಬದಲಾದ ಕಿಣ್ವವು ತನ್ನ ಹಳೆಯ ಕೆಲಸ ಬಿಟ್ಟು ಕೋಶವನ್ನು ದಾರಿತಪ್ಪಿಸುವ ಬೇರೊಂದು ವಸ್ತುವನ್ನು ತಯಾರಿಸುತ್ತದೆಂದು 2009ರಲ್ಲಿ ತಿಳಿದುಬಂದಿತು.

ಇಲ್ಲಿ ಪಾಲಕರು ಗಮನಿಸಬೇಕಾದ ಒಂದು ಸಂಗತಿಯಿದೆ. ನಮ್ಮ ಗಡಿಭಾಗದ ಎಷ್ಟೋ ಮನೆಗಳಲ್ಲಿ ದವಾಖಾನೆಯ ಇಂಗ್ಲಿಷ್ ಕಾಗದವನ್ನು ಓದಿ ಹೇಳುವವರು ಶಾಲೆಗೆ ಹೋಗುವ ಮಕ್ಕಳೇ. ವರದಿಯಲ್ಲಿ ಐ.ಡಿ.ಎಚ್. ಮ್ಯುಟಂಟ್ ಎಂದಿದ್ದರೆ, ಅಂದರೆ ಕಿಣ್ವ ಬದಲಾಗಿದೆ ಎಂದಿದ್ದರೆ, ಶಬ್ದಕೋಶ ನೋಡಿದ ಹುಡುಗನಿಗೆ ಎದೆ ಒಡೆಯುವಂತಾಗುತ್ತದೆ. ಆದರೆ ವಾಸ್ತವವು ಇದಕ್ಕೆ ವಿರುದ್ಧವಾಗಿದೆ. ದೊಡ್ಡವರ ಗ್ಲಿಯೋಮಾಗಳಲ್ಲಿ ಈ ಕಿಣ್ವ ಬದಲಾಗಿರುವ ರೋಗಿಗಳು, ಬದಲಾಗದ ರೋಗಿಗಳಿಗಿಂತ ಸಾಮಾನ್ಯವಾಗಿ ಹೆಚ್ಚು ವರ್ಷ ಬದುಕುತ್ತಾರೆ. ವೈಲ್ಡ್ ಟೈಪ್ ಎಂದರೆ ಬದಲಾಗದ, ಸಹಜ ಕಿಣ್ವ. ಕೇಳಲು ಒಳ್ಳೆಯದೆನಿಸಿದರೂ ಈ ರೋಗದಲ್ಲಿ ಅದೇ ಹೆಚ್ಚು ಉಗ್ರವಾದ ಗೆಡ್ಡೆಯ ಗುರುತು. 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಂತೆ, ದೊಡ್ಡವರಲ್ಲಿ ಕಿಣ್ವ ಬದಲಾಗದ ಗೆಡ್ಡೆಯನ್ನು ಮಾತ್ರ ಗ್ಲಿಯೋಬ್ಲಾಸ್ಟೋಮಾ ಎಂದು ಕರೆಯುತ್ತಾರೆ. ಆದಕಾರಣ ವರದಿಯ ಒಂದು ಶಬ್ದವನ್ನು ಓದಿ ಹೆದರುವುದೂ ಬೇಡ, ಹಿಗ್ಗುವುದೂ ಬೇಡ. ವೈದ್ಯರನ್ನು ಕೇಳಿ ಅದರ ಅರ್ಥ ತಿಳಿದುಕೊಳ್ಳಬೇಕು.

ಈ ಬದಲಾದ ಕಿಣ್ವಕ್ಕೆ ಈಗ ಪ್ರತಿಬಂಧಕವೂ ದೊರಕಿದೆ. ವೊರಾಸಿಡೆನಿಬ್ ಎಂಬ ಗುಳಿಗೆಯನ್ನು ತೆಗೆದುಕೊಂಡ ಎರಡನೆಯ ದರ್ಜೆಯ ರೋಗಿಗಳಲ್ಲಿ ಗೆಡ್ಡೆ ಮತ್ತೆ ಬೆಳೆಯದೆ ನಿಂತ ಅವಧಿಯ ಮಧ್ಯಮಾನವು 27.7 ತಿಂಗಳು, ಔಷಧವಿಲ್ಲದ ಸುಳ್ಳು ಗುಳಿಗೆ ತೆಗೆದುಕೊಂಡವರಲ್ಲಿ 11.1 ತಿಂಗಳು. ಈ ಫಲಿತಾಂಶ 2023ರಲ್ಲಿ ಪ್ರಕಟವಾಗಿ, 2024ರ ಆಗಸ್ಟಿನಲ್ಲಿ ಅಮೇರಿಕದಲ್ಲಿ ಔಷಧಕ್ಕೆ ಮಂಜೂರಾತಿ ಸಿಕ್ಕಿತು. ಎಲ್ಲವನ್ನೂ ತಡೆಯಹೋದ ಮ್ಯಾರಿಮಾಸ್ಟಾಟ್ ಸೋತಲ್ಲಿ, ಬದಲಾದ ಕಿಣ್ವವನ್ನೇ ಗುರಿಯಿಟ್ಟು ತಡೆದ ಔಷಧ ಫಲ ಕೊಟ್ಟಿತು.

ನಾವು ಮಾಡಬೇಕಾದದ್ದು

ಪ್ರತಿಯೊಂದು ತಲೆನೋವೂ ಗೆಡ್ಡೆಯಲ್ಲ, ಹಾಗೆಂದು ಹೆದರಬಾರದು. ಆದರೆ ದಿನದಿನಕ್ಕೆ ಹೆಚ್ಚುವ ತಲೆನೋವು, ಬೆಳಿಗ್ಗೆ ಏಳುತ್ತಲೇ ತಲೆನೋವಿನೊಂದಿಗೆ ವಾಂತಿ, ಹಿಂದೆಂದೂ ಇರದ ಮೂರ್ಛೆ, ಒಂದು ಬದಿಯ ಕೈಕಾಲಿನ ಶಕ್ತಿ ಕುಂದುವುದು, ಮಾತು ಅಥವಾ ದೃಷ್ಟಿ ತಪ್ಪುವುದು ಇವು ಕಂಡರೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಮೂರ್ಛೆ ಬಂದವರನ್ನು ಗಾಳಿ ಸೋಂಕಿತೆಂದು ತಿಂಗಳುಗಟ್ಟಲೆ ಅಲ್ಲಿ ಇಲ್ಲಿ ತಿರುಗಿಸಿದರೆ ಅಮೂಲ್ಯವಾದ ಕಾಲ ಕಳೆದುಹೋಗುತ್ತದೆ.

ಚಾಕು ಮುಟ್ಟಿಸಿದರೆ ಗೆಡ್ಡೆ ಕೆರಳುತ್ತದೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಕೇಳಿಬರುತ್ತದೆ. ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಅಪಾಯಗಳಿರುವುದು ನಿಜ; ಅವುಗಳನ್ನು ವೈದ್ಯರು ಮೊದಲೇ ತಿಳಿಸಿ ಹೇಳುತ್ತಾರೆ. ಆದರೆ ಗೆಡ್ಡೆಯ ಉಗ್ರತೆ ಹುಟ್ಟುವುದು ಅದರ ಕೋಶಗಳೊಳಗೆ, ಚಾಕುವಿನಿಂದಲ್ಲ. ಒಂದೇ ಒಂದು ರಕ್ತಪರೀಕ್ಷೆಯಿಂದ ಗೆಡ್ಡೆಯ ದರ್ಜೆಯನ್ನು ನಿರ್ಧರಿಸುವ ದಿನ ಇನ್ನೂ ಬಂದಿಲ್ಲ. ಬೆಂಗಳೂರಿನಂತಹ ಪ್ರಯೋಗಾಲಯಗಳಲ್ಲಿ ಕಂಡುಬಂದ ರಕ್ತದ ಗುರುತುಗಳು ಆ ದಾರಿಯ ಮೈಲಿಗಲ್ಲುಗಳು ಮಾತ್ರ. ಇಂದಿಗೂ ಸ್ಕ್ಯಾನು ನೋಡಿ, ಗೆಡ್ಡೆಯ ತುಣುಕನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಅದರ ಕಿಣ್ವ ಮೊದಲಾದ ಗುರುತುಗಳನ್ನು ಕೂಡಿಸಿಯೇ ವೈದ್ಯರು ಹೇಳಬೇಕು. ಆದ್ದರಿಂದ ತುಣುಕನ್ನು ಪರೀಕ್ಷೆಗೆ ಕಳಿಸಬೇಕೆಂದು ವೈದ್ಯರು ಹೇಳಿದಾಗ ಬೇಡವೆನ್ನಬಾರದು. ಆ ವರದಿಯ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮುಂದಿನ ಚಿಕಿತ್ಸೆಯೆಲ್ಲ ಅದರ ಮೇಲೆಯೇ ನಿಂತಿರುತ್ತದೆ.

ವಿದ್ಯಾರ್ಥಿ ಮಿತ್ರರೇ, ಗೊದಮೊಟ್ಟೆಯ ಬಾಲ ಎಲ್ಲಿ ಹೋಯಿತೆಂದು ಇಬ್ಬರು ಕೇಳಿದ ಪ್ರಶ್ನೆಯು ಇಂದು ರೋಗಿಯ ಹಾಸಿಗೆಯ ಬಳಿಗೆ ಬಂದು ನಿಂತಿದೆ. ಸಣ್ಣ ಪ್ರಶ್ನೆಯೆಂಬುದು ಯಾವುದೂ ಇಲ್ಲ. ಮುಂದಿನ ಮಿರಗದಲ್ಲಿ ನಮ್ಮ ಹೊಲದ ತಗ್ಗುಗಳಲ್ಲಿ ಮತ್ತೆ ನೀರು ನಿಲ್ಲುತ್ತದೆ. ಆಗ ದಂಡೆಯ ಮೇಲೆ ಕುಳಿತು ಗಮನವಿಟ್ಟು ನೋಡಿರಿ, ಕಂಡದ್ದನ್ನು ಬರೆದಿಟ್ಟುಕೊಳ್ಳಿರಿ, ತಿಳಿಯದ್ದನ್ನು ನಾಚದೆ ಕೇಳಿರಿ.